ತಗ್ಗಿನ ತೋಟ

ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರಿಗೆ ಮೇ ತಿಂಗಳ ಕೊನೆಯ ಕೆಲಸ ಯಾವುದು ಅಂತ ಹೇಳಿಕೊಡಬೇಕಾಗಿಲ್ಲ. ಬಸಿಗಾಲುವೆ ಬಿಡಿಸುವುದು. ವರ್ಷವಿಡೀ ಬಿದ್ದ ಸೋಗೆ, ದರಕು, ಕುಸಿದ ಮಣ್ಣು ಎಲ್ಲ ಎತ್ತಿ ಹಾಕಿ ನೀರಿಗೆ ದಾರಿ ಮಾಡಿಕೊಡುವುದು. ಶಿರಸಿ ಕಡೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಬುಡದಲ್ಲಿ ನೀರು ನಿಂತರೆ ಮರ ಸೊರಗುತ್ತದೆ. ಮೇಲಿಂದ ಬಿಡದೆ ಸುರಿದರೆ ಕೊಳೆರೋಗ. ಹಾಗಾಗಿ ನಮ್ಮ ಮನೆಯಲ್ಲಿ ಮಳೆನೀರು ಅಂದರೆ ಆದಷ್ಟು ಬೇಗ ಹಳ್ಳಕ್ಕೆ ಕಳಿಸಿಬಿಡಬೇಕಾದ ನೆಂಟ. ನಾಲ್ಕು ಬದನೆ ಸಸಿ ನೆಡುವುದಿದ್ದರೂ ನನ್ನ ಆಯಿ ಮೊದಲು ಮಣ್ಣು ಏರಿಸುತ್ತಿದ್ದಳು. "ಗಿಡ ಯಾವಾಗ್ಲೂ ಎತ್ರದಲ್ಲಿ ಇರವು" ಅನ್ನುತ್ತಿದ್ದಳು.

ಈ ಒಂದು ಪಾಠವನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಾನು 2015ರಲ್ಲಿ ದಿವೆ ಘಾಟ್ ಹತ್ತಿದ್ದು.

ಪುಣೆಯ ಹಡಪ್ಸರ್ ದಾಟಿ ಸಾಸವಡ್ ಕಡೆ ಹೊರಟರೆ ದಿವೆ ಘಾಟ್ ಸಿಗುತ್ತದೆ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಪಂಢರಪುರಕ್ಕೆ ಹೋಗುವುದು ಇದೇ ದಾರಿಯಲ್ಲಿ. ಘಾಟಿನ ಬುಡದಲ್ಲಿ ಮಸ್ತಾನಿ ಕೆರೆ, ಮೇಲೆ ಹತ್ತಿದರೆ ಬಯಲು, ದೂರದಲ್ಲಿ ಪುರಂದರ ಕೋಟೆ. ನನ್ನ ಗಂಡ, ಅಂದರೆ ಇವರು, ನಿವೃತ್ತಿಗೆ ಅಂತ ಅಲ್ಲಿ ಐದು ಗುಂಟೆ ಜಾಗ ತಗೊಂಡಿದ್ದರು. ಪುಣೆಯ ಕೋಥ್ರೂಡಿನ ಮೂರನೇ ಮಹಡಿಯಲ್ಲಿ ಇಪ್ಪತ್ತೆರಡು ವರ್ಷ ಒಂದು ತುಳಸಿ, ಎರಡು ಕರಿಬೇವಿನ ಕುಂಡ ಇಟ್ಟುಕೊಂಡು ಬದುಕಿದ ನನಗೆ ಐದು ಗುಂಟೆ ಅಂದರೆ ರಾಜ್ಯವೇ ಸಿಕ್ಕಿದ ಹಾಗೆ. ಪುಟ್ಟ ಮನೆ ಕಟ್ಟಿದೆವು. ಉಳಿದದ್ದೆಲ್ಲ ತೋಟ ಅಂತ ನಾನು ಘೋಷಿಸಿದೆ.

ಮೊದಲ ಮಳೆಗಾಲದಲ್ಲೇ ಒಂದು ವಿಷಯ ಗೊತ್ತಾಯಿತು. ಅಲ್ಲಿ ಮೋಡ ಇರುವುದು ನೋಡುವುದಕ್ಕೆ. ಜುಲೈಯಲ್ಲಿ ತಾರಸಿ ಮೇಲೆ ನಿಂತರೆ ಪಶ್ಚಿಮದಲ್ಲಿ ಸಿಂಹಗಡದ ಕಡೆ ಆಕಾಶ ಕಪ್ಪು ಕಂಬಳಿ ಹೊದ್ದಿರುತ್ತದೆ. ಗಾಳಿ ತಣ್ಣಗೆ ಬೀಸುತ್ತದೆ. ನಾನು ಒಣಗಿ ಹಾಕಿದ ಬಟ್ಟೆ ತೆಗೆಯಲು ಓಡುತ್ತೇನೆ. ಬೀಳುವುದು ನಾಲ್ಕು ಹನಿ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಸಹ್ಯಾದ್ರಿಯನ್ನು ಹತ್ತುವಾಗ ತಣಿದು ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಈಚೆಗೆ ಇಳಿಯುವಾಗ ಮತ್ತೆ ಬಿಸಿಯಾಗಿ ಒಣಗುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಜಾಸ್ತಿ ಮಳೆ. ಪುಣೆ ನಗರದಲ್ಲಿ 700ರ ಆಸುಪಾಸು. ನಮ್ಮ ಬಯಲಿಗೆ ಬರುವಷ್ಟರಲ್ಲಿ ಅದಕ್ಕಿಂತಲೂ ಕಡಿಮೆ. ಶಾಲೆಯಲ್ಲಿ 'ಮಳೆಯ ನೆರಳು' ಅಂತ ಓದಿದ್ದೆ. ಆ ನೆರಳಿನಲ್ಲೇ ಹೋಗಿ ಮನೆ ಕಟ್ಟಿದ್ದೇನೆ ಅಂತ ಹೊಳೆದದ್ದು ಆಗ.

ಆದರೂ ಹಠ ಬಿಡಲಿಲ್ಲ. ಜಾಗವೆಲ್ಲ ಮುರುಮ್, ನಮ್ಮ ಬಯಲುಸೀಮೆಯವರು ಗರಸು ಅನ್ನುವ ಮಣ್ಣು. ಅಲ್ಲಲ್ಲಿ ತೆಳುವಾಗಿ ಎರೆ. ಒಂದು ತಿಂಗಳು ಕೂತು ಕಲ್ಲು ಆರಿಸಿದೆ. ಬುಟ್ಟಿಗಟ್ಟಲೆ ಆರಿಸಿ ಬೇಲಿ ಬದಿಗೆ ಗುಡ್ಡೆ ಹಾಕಿದೆ. ಆಮೇಲೆ ಇಟ್ಟಿಗೆ ಜೋಡಿಸಿ ಒಂದೂವರೆ ಅಡಿ ಎತ್ತರದ ಆರು ಮಡಿ ಮಾಡಿಸಿದೆ. ಅದಕ್ಕೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ. ನೋಡಲು ಎಷ್ಟು ಚಂದ ಇತ್ತು ಅಂದರೆ ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ತವರಿನಿಂದ ಕಾಳುಮೆಣಸಿನ ಬಳ್ಳಿ ತಂದು ನೆಟ್ಟೆ. ಇದನ್ನು ಬರೆಯುವಾಗ ನನಗೇ ನಗು ಬರುತ್ತಿದೆ.

ಕಾಳುಮೆಣಸು ಐದು ವಾರ ಬದುಕಿತು. ದಾಸವಾಳದ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಏಪ್ರಿಲ್ ಬಂದಾಗ ಏರು ಮಡಿಗಳು ಒಲೆಯ ಮೇಲಿಟ್ಟ ಬಾಣಲೆ ಥರ ಆದವು. ಬಿಸಿಲು ಮೇಲಿಂದಷ್ಟೇ ಅಲ್ಲ, ನಾಲ್ಕೂ ಬದಿಯ ಇಟ್ಟಿಗೆಯಿಂದ ಒಳಗೆ ಬರುತ್ತಿತ್ತು. ಬೆಳಿಗ್ಗೆ ಪೈಪ್ ಹಿಡಿದು ನೀರು ಹಾಕಿದರೆ ಮಧ್ಯಾಹ್ನ ಎರಡಕ್ಕೆ ಮಣ್ಣು ಬೂದಿ. ಸಂಜೆ ಮತ್ತೆ ಹಾಕು. ಬೋರಿನ ನೀರು ಗಡಸು, ಇಟ್ಟಿಗೆಯ ಮೇಲೆಲ್ಲ ಬಿಳಿ ಪೊರೆ. ಮೇಯಲ್ಲಿ ಬೋರೂ ಕೈಕೊಟ್ಟಿತು. ಟ್ಯಾಂಕರ್ ತರಿಸಿದೆವು. ಆ ಬೇಸಿಗೆಯಲ್ಲಿ ನಾವು ತಿಂದ ಒಂದೊಂದು ಟೊಮೆಟೊಕ್ಕೂ ಎಷ್ಟು ಖರ್ಚಾಯಿತು ಅಂತ ಇವರು ಲೆಕ್ಕ ಹಾಕಲು ಹೊರಟರು. ನಾನು ಬೇಡ ಅಂದೆ.

ಆಗ ಪರಿಚಯ ಆದವರು ಇಂಡಿ ಆಯಿ.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಆಯಿ ಅಂದರೆ ಅಮ್ಮ. ಮರಾಠಿಯಲ್ಲೂ ಅಮ್ಮನೇ. ವಿಜಯಪುರದ ಕಡೆ ಆಯಿ ಅಂದರೆ ಅಜ್ಜಿ. ಪಕ್ಕದ ಓಣಿಯಲ್ಲಿ ಇಂಡಿ ತಾಲ್ಲೂಕಿನ ಒಂದು ಕುಟುಂಬ ಇದೆ. ಮಗ ಗೌಂಡಿ ಕೆಲಸ ಮಾಡುತ್ತಾರೆ. ಅವರ ತಾಯಿಯನ್ನು ಓಣಿಯ ಮಕ್ಕಳೆಲ್ಲ, ಮರಾಠಿಯವರೂ ಕನ್ನಡದವರೂ, ಆಯಿ ಅಂತಲೇ ಕರೆಯುತ್ತಾರೆ. ಯಾರು ಯಾವ ಅರ್ಥದಲ್ಲಿ ಕರೆದರೂ ಅವರು ಓಗೊಡುತ್ತಾರೆ. ನನ್ನ ಆಯಿಯಿಂದ ಬೇರೆ ಮಾಡಲು ಇಲ್ಲಿ ಇಂಡಿ ಆಯಿ ಅಂತ ಬರೆಯುತ್ತಿದ್ದೇನೆ.

ನನ್ನ ಮಡಿಗಳನ್ನು ಮೊದಲು ನೋಡಿದಾಗ ಅವರು ಬೇಲಿಯಾಚೆ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಏನ್ರಿ ಅಕ್ಕಾರ, ಗಿಡಕ್ಕ ಕಟ್ಟಿ ಕಟ್ಟಿ ಪೂಜಿ ಮಾಡ್ತೀರೇನು?"

ನಾನು ನಕ್ಕೆ. ಅವರು ನಗಲಿಲ್ಲ. "ನೀರು ಮ್ಯಾಲಿಂದ ಕೆಳಗ ಹರಿತದ್ರಿ. ನೀವು ಗಿಡ ಮ್ಯಾಲ ಇಟ್ಟೀರಿ. ಹ್ಯಾಂಗ ಸಿಗಬೇಕು ಅದಕ್ಕ?"

ಇನ್ನೊಂದು ಮಾತು, ಬೇಲಿ ಬದಿಯ ಕಲ್ಲಿನ ಗುಡ್ಡೆ ನೋಡಿ: "ಅಯ್ಯ, ಇಷ್ಟು ಛಲೋ ಕಲ್ಲು ಯಾಕ ಹೊರಗ ಹಾಕೀರಿ? ಕಲ್ಲಿನ ಬುಡದಾಗ ತಂಪು ಇರ್ತದ."

ಇದನ್ನೆಲ್ಲ ಕೇಳಿಸಿಕೊಂಡೆ. ಒಪ್ಪಿಕೊಳ್ಳಲಿಲ್ಲ. ಐವತ್ತೈದು ವರ್ಷದ ಕೈಗೆ ಬಂದ ಅಭ್ಯಾಸ ಒಂದು ಮಾತಿಗೆ ಹೋಗುತ್ತದಾ? ಮುಂದಿನ ವರ್ಷವೂ ಏರು ಮಡಿಯಲ್ಲೇ ಮಾಡಿದೆ. ಗೊಬ್ಬರ ಜಾಸ್ತಿ ಹಾಕಿದೆ, ಹಸಿರು ನೆಟ್ ಕಟ್ಟಿಸಿದೆ. ಸ್ವಲ್ಪ ಕಡಿಮೆ ಸತ್ತವು, ಅಷ್ಟೆ.

ಮನಸ್ಸು ತಿರುಗಿದ್ದು ಸಾಸವಡಿನಲ್ಲಲ್ಲ. ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ.

ಮಗಳು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿದ್ದಾಳೆ. 2018ರ ಏಪ್ರಿಲ್‌ನಲ್ಲಿ ಹೋಗಿ ಸೆಪ್ಟೆಂಬರ್‌ವರೆಗೆ ಅಲ್ಲಿದ್ದೆ. ಅಮೆರಿಕ ಅಂದರೆ ಹಸಿರು ಹುಲ್ಲು, ಹಿಮ ಅಂದುಕೊಂಡಿದ್ದವಳಿಗೆ ವಿಮಾನದ ಕಿಟಕಿಯಿಂದ ಕಂಡದ್ದು ಬರೀ ಕಂದು ಬಣ್ಣ. ಅದು ಎತ್ತರದ ಮರುಭೂಮಿ. ಊರು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಮೇಲಿದೆ, ಪುಣೆಯ ಮೂರು ಪಟ್ಟು ಹತ್ತಿರ. ವರ್ಷದ ಮಳೆ 230 ಮಿಲಿಮೀಟರ್ ಆಸುಪಾಸು. ನಮ್ಮೂರಿನಲ್ಲಿ ಜುಲೈಯ ಒಂದು ಜೋರು ವಾರದಲ್ಲಿ ಬೀಳುವಷ್ಟು. ಬಂದ ಮೂರನೇ ದಿನಕ್ಕೆ ತುಟಿ ಒಡೆಯಿತು. ಸಂಡಿಗೆ ಹಾಕಿದರೆ ಒಂದೇ ದಿನದಲ್ಲಿ ಗರಿಗರಿ. ಮೋಡ ನೋಡಿ ಓಡುವ ಕೆಲಸವೇ ಇಲ್ಲ. ಇದೊಂದು ವಿಷಯದಲ್ಲಿ ಮರುಭೂಮಿ ನನಗೆ ತುಂಬಾ ಹಿಡಿಸಿತು.

ಮಗಳೂ ತೋಟದ ಹುಚ್ಚಿನವಳು. ತಾಯಿಯ ಬುದ್ಧಿ. ನಾನು ಹೋಗುವಷ್ಟರಲ್ಲಿ ಟೊಮೆಟೊ ಸಸಿ ನೆಟ್ಟಿದ್ದಳು. ಹಗಲು ಬೆಚ್ಚಗಿತ್ತು, ಬೇಸಿಗೆ ಬಂತು ಅಂದುಕೊಂಡಿದ್ದಳು. ಏಪ್ರಿಲ್ ಮೂರನೇ ವಾರ ಒಂದು ರಾತ್ರಿ ಇಬ್ಬನಿ ಗಡ್ಡೆಕಟ್ಟಿತು. ಬೆಳಿಗ್ಗೆ ನೋಡಿದರೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿದ್ದವು. ಆ ಎತ್ತರದಲ್ಲಿ ಗಾಳಿ ತೆಳು, ಒಣ. ಹಗಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುವ ತೇವ ಇಲ್ಲ. ಹಗಲಿಗೂ ರಾತ್ರಿಗೂ 15 ಡಿಗ್ರಿ ವ್ಯತ್ಯಾಸ ಅಲ್ಲಿ ಮಾಮೂಲು. ಮತ್ತೆ ಸಸಿ ತಂದು ನೆಟ್ಟೆವು. ಗಾಳಿ ಬಂತು. ಅಲ್ಲಿಯ ವಸಂತದ ಗಾಳಿ ಅಂದರೆ ಮರಳು ತುಂಬಿದ ಗಾಳಿ. ಅದು ಮುಗಿಯುವಷ್ಟರಲ್ಲಿ ಬಿಸಿಲು. ಜೂನ್ ಕೊನೆಗೆ ಹೂವೆಲ್ಲ ಉದುರಿದವು. 35 ಡಿಗ್ರಿ ದಾಟಿದ ಮೇಲೆ ಟೊಮೆಟೊ ಕಾಯಿ ಕಟ್ಟುವುದು ಕಷ್ಟ. ಇದು ಸಾಸವಡಿನ ಏಪ್ರಿಲ್‌ನಲ್ಲೂ ಆಗಿತ್ತು. ನಾನು ಗೊಬ್ಬರ ಸಾಲದು ಅಂದುಕೊಂಡು ಇನ್ನಷ್ಟು ಸುರಿದಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಅವರ ಹಿತ್ತಿಲಲ್ಲಿ ಮೆಣಸಿನಕಾಯಿ, ಬೀನ್ಸ್, ಕುಂಬಳ ಎಲ್ಲ ಆರಾಮಾಗಿ ಬೆಳೆದಿದ್ದವು. ಟೊಮೆಟೊಗೆ ತೆಳುವಾದ ಬಿಳಿ ಬಟ್ಟೆ ಹೊದಿಸಿದ್ದರು. ನೆರಳೂ ಆಯಿತು, ಎಲೆ ಮುರುಟಿಸುವ ರೋಗ ತರುವ ಜಿಗಿಹುಳವೂ ದೂರ. ನನ್ನ ಕಣ್ಣು ಮಾತ್ರ ನೆಲದ ಮೇಲಿತ್ತು. ಅವರ ತೋಟ ನೆಲಕ್ಕಿಂತ ಕೆಳಗಿತ್ತು. ಒಂದೂವರೆ ಎರಡು ಅಡಿ ಅಗಲದ ಚೌಕ ಗುಣಿಗಳು, ಒಂದರ ಪಕ್ಕ ಒಂದು. ಸುತ್ತ ಒದ್ದೆ ಮಣ್ಣಿನಲ್ಲಿ ಮೆತ್ತಿದ ಗೇಣುದ್ದದ ಪುಟ್ಟ ಗೋಡೆ. ಮೇಲಿಂದ ನೋಡಿದರೆ ಚೌಕುಳಿ ಸೀರೆ ಹಾಸಿದ ಹಾಗೆ.

ಮಗಳು ಕೇಳಿ ಹೇಳಿದಳು. ಇದು ಅವರು ಕಂಡುಹಿಡಿದದ್ದಲ್ಲ. ಆ ರಾಜ್ಯದ ಪಶ್ಚಿಮದಲ್ಲಿ ಝೂನಿ ಅನ್ನುವ ಮೂಲನಿವಾಸಿ ಜನ ಇದ್ದಾರೆ. ತಲೆತಲಾಂತರದಿಂದ ಅವರ ಹೆಂಗಸರು ಹೀಗೆ ಮಣ್ಣಿನ ಚೌಕ ಕಟ್ಟಿ ತರಕಾರಿ ಬೆಳೆಯುತ್ತಾರೆ. ಹೊಳೆಯಿಂದ ಮಡಕೆಯಲ್ಲಿ ಹೊತ್ತು ತಂದ ನೀರು ಒಂದು ಹನಿಯೂ ಆಚೆ ಹೋಗುವುದಿಲ್ಲ. ಗೋಡೆ ಸಣ್ಣ ಸಸಿಗೆ ಗಾಳಿ ತಡೆಯುತ್ತದೆ, ಬೆಳಿಗ್ಗೆ ಸಂಜೆ ನೆರಳು ಕೊಡುತ್ತದೆ. ಪಕ್ಕದ ಅರಿಝೋನಾದ ಹೋಪಿ ಜನ ಇನ್ನೂ ಕೆಳಗೆ ಹೋಗುತ್ತಾರೆ. ಮೆಕ್ಕೆಜೋಳದ ಬೀಜವನ್ನು ಗೇಣು ಆಳಕ್ಕೆ ಊರುತ್ತಾರೆ, ಹಿಮ ಕರಗಿದ ತೇವ ಅಲ್ಲಿ ಉಳಿದಿರುತ್ತದೆ ಅಂತ. ಅಷ್ಟು ಆಳದಿಂದ ಮೇಲೆ ಬರುವ ಶಕ್ತಿ ಅವರ ತಳಿಗೆ ಇದೆ.

ನಾನು ಫೋಟೋ ತೆಗೆದು ಇವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಇವರು ಸುಮ್ನೆ ಇರದೆ ಇಂಡಿ ಆಯಿಗೆ ತೋರಿಸಿದ್ದಾರೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದ್ದು ಇಷ್ಟೆ:

"ಇದು ನಮ್ಮ ಚೌಕು ಮಡಿ ಅಲ್ಲೇನ್ರಿ? ಇದನ್ನ ನೋಡ್ಲಿಕ್ಕೆ ಅಕ್ಕಾರು ಅಮೇರಿಕಾಕ್ಕ ಹೋಗ್ಯಾರೇನು?"

ಫೋನಿನಲ್ಲಿ ಇವರು ನಗುತ್ತಾ ಹೇಳಿದಾಗ ನನಗೆ ಮುಖ ಬಿಸಿಯಾಯಿತು. ಅವರು ಹೇಳಿದ್ದು ಸರಿಯೇ. ವಿಜಯಪುರ ಕಡೆಯ ಎರೆ ಹೊಲಗಳಲ್ಲಿ ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಬದು ಹಾಕಿ ಬಿಡುತ್ತಾರೆ. ಬಿದ್ದ ಮಳೆ ಬಿದ್ದಲ್ಲೇ ಇಂಗಬೇಕು. ಹಿಂಗಾರಿಯ ಬಿಳಿಜೋಳ ಆಮೇಲೆ ಆ ತೇವದ ಮೇಲೇ ಬೆಳೆಯುತ್ತದೆ. ಕೃಷಿ ಇಲಾಖೆಯ ಪುಸ್ತಕಗಳಲ್ಲೂ ಇದಕ್ಕೆ ಚೌಕು ಮಡಿ ಅಂತಲೇ ಹೆಸರು. ಸೊಲ್ಲಾಪುರದಲ್ಲೂ ವಿಜಯಪುರದಲ್ಲೂ ಒಣ ಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲಿ. ಸಾಸವಡ್‌ನಿಂದ ಸೊಲ್ಲಾಪುರ ಒಂದು ಹಗಲಿನ ದಾರಿಯೂ ಅಲ್ಲ. ಬೇಲಿಯಾಚೆ ನಿಂತವರು ಹೇಳಿದಾಗ ಕಿವಿಗೆ ಹೋಗದ್ದು ಇನ್ನೊಂದು ಖಂಡದ ಹಿತ್ತಿಲಲ್ಲಿ ಕಣ್ಣಿಗೆ ಬಿತ್ತು. ಇದರಲ್ಲಿ ನನ್ನ ಜಂಬ ಎಷ್ಟು, ದಡ್ಡತನ ಎಷ್ಟು ಅಂತ ಇನ್ನೂ ಲೆಕ್ಕ ಸಿಕ್ಕಿಲ್ಲ.

ವಾಪಸ್ ಬಂದ ಮೇಲೆ ಇಟ್ಟಿಗೆ ಮಡಿಗಳನ್ನು ಒಡೆಸಿದೆ. ಇಟ್ಟಿಗೆ ಇಂಡಿ ಆಯಿಯ ಮಗನಿಗೇ ಕೊಟ್ಟೆ. ಅವರು ಬದಲಿಗೆ ಎರಡು ಭಾನುವಾರ ಬಂದು ಗುದ್ದಲಿ ಹಿಡಿದರು. ಮೂರು ಅಡಿ ಚೌಕದ ಮಡಿಗಳು, ಸುತ್ತಲ ನೆಲಕ್ಕಿಂತ ಮುಕ್ಕಾಲು ಅಡಿ ತಗ್ಗು. ತೆಗೆದ ಮಣ್ಣಿನಿಂದಲೇ ಬದು. ಮೊದಲ ಮಡಿಯಲ್ಲಿ ಸಸಿ ಇಡುವಾಗ ನನ್ನ ಕೈ ನಿಜಕ್ಕೂ ನಡುಗಿತು. ಗುಂಡಿಯೊಳಗೆ ಗಿಡ ಇಡುವುದಾ? ಕೊಳೆಯುತ್ತದಲ್ಲ! ಬುದ್ಧಿಗೆ ಗೊತ್ತಾದದ್ದು ಕೈಗೆ ಗೊತ್ತಾಗಲು ಇನ್ನೂ ಒಂದು ವರ್ಷ ಬೇಕಾಯಿತು.

ನೀರು ಹಾಕುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಪ್ರೀತಿ ಅಂದುಕೊಂಡಿದ್ದೆ. ಮೇಲಿನ ಎರಡು ಬೆರಳು ಮಣ್ಣು ಮಾತ್ರ ಒದ್ದೆಯಾದರೆ ಬೇರೂ ಅಲ್ಲೇ ಮೇಲೆ ಹರಡಿಕೊಳ್ಳುತ್ತದೆ. ಬಿಸಿಲಿಗೆ ಮೊದಲು ಒಣಗುವುದು ಅದೇ ಪದರ. ಈಗ ನಾಲ್ಕೈದು ದಿನಕ್ಕೊಮ್ಮೆ ಮಡಿ ತುಂಬ ಬಿಡುತ್ತೇನೆ. ಬೇರು ನೀರಿನ ಹಿಂದೆ ಕೆಳಗೆ ಹೋಗುತ್ತದೆ. ಹಾಕುವ ಮೊದಲು ಬೆರಳು ಚುಚ್ಚಿ ನೋಡುವುದು ಕಡ್ಡಾಯ. ಮಧ್ಯಾಹ್ನ ಕುಂಬಳದ ಎಲೆ ಬಾಡಿದ ಹಾಗೆ ಕಂಡರೆ ಓಡಬಾರದು. ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಬಾಡಿದ್ದರೆ ಆಗ ಯೋಚನೆ ಮಾಡಬೇಕು.

ಇನ್ನು ಗಡಿಗೆ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪುಣೆಯ ಕುಂಭಾರವಾಡದಿಂದ ಐದು ಲೀಟರ್ ಹಿಡಿಯುವ ಮಣ್ಣಿನ ಗಡಿಗೆ ತಂದೆ. ಬಣ್ಣ ಬಳಿದದ್ದು, ಹೊಳಪು ಹಚ್ಚಿದ್ದು ಬೇಡ. ಬೇಸಿಗೆಯಲ್ಲಿ ಮೈಯೆಲ್ಲ ಬೆವರುತ್ತದಲ್ಲ, ಅಂಥದ್ದು. ಕುತ್ತಿಗೆಯವರೆಗೆ ಮಡಿಯ ನಡುವೆ ಹೂತು, ನೀರು ತುಂಬಿ, ಬಾಯಿಗೆ ತಟ್ಟೆ ಮುಚ್ಚಿಡಬೇಕು. ಮುಚ್ಚದಿದ್ದರೆ ಸೊಳ್ಳೆ. ಸುತ್ತ ನಾಲ್ಕು ಗಿಡ. ಮಣ್ಣು ಒಣಗಿದಾಗ ಗಡಿಗೆಯ ಗೋಡೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಒದ್ದೆಯಿದ್ದಾಗ ಎಳೆಯುವುದಿಲ್ಲ. ಏಪ್ರಿಲ್‌ನಲ್ಲಿ ಮೂರು ದಿನಕ್ಕೆ ಖಾಲಿಯಾಗುವ ಗಡಿಗೆ ಆಗಸ್ಟಿನಲ್ಲಿ ಹಾಗೇ ತುಂಬಿ ಕೂತಿರುತ್ತದೆ. ಯಂತ್ರ ಇಲ್ಲ, ಕರೆಂಟ್ ಇಲ್ಲ, ಎಷ್ಟು ಬೇಕು ಅಂತ ಗಿಡವೇ ಕೇಳಿ ತಗೊಳ್ಳುತ್ತದೆ. ಆಲ್ಬುಕರ್ಕಿಯ ಅಜ್ಜನ ಹತ್ತಿರವೂ ಇಂಥ ಎರಡು ಮಡಕೆ ಇದ್ದವು. ಶಿವಲಿಂಗದ ಮೇಲೆ ತೊಟ್ಟಿಕ್ಕುವ ಧಾರಾಪಾತ್ರೆಯನ್ನು ಬೇಸಿಗೆಯುದ್ದಕ್ಕೂ ನೋಡುತ್ತಾ ಬೆಳೆದವಳು ನಾನು. ಗಿಡಕ್ಕೆ ಹಾಗೆ ಮಾಡಬಹುದು ಅಂತ ತಲೆಗೆ ಬಂದಿರಲಿಲ್ಲ.

ಒಂದು ತೊಂದರೆ ಇದೆ. ನಮ್ಮ ಗಡಸು ನೀರಿಗೆ ಎರಡು ವರ್ಷದಲ್ಲಿ ಗಡಿಗೆಯ ರಂಧ್ರ ಮುಚ್ಚಿಹೋಗುತ್ತದೆ. ತೆಗೆದು ಹೊಸದು ಇಡಬೇಕು. ಮಳೆನೀರು ತುಂಬಿದರೆ ಜಾಸ್ತಿ ಬಾಳುತ್ತದೆ.

ಮಳೆನೀರಿನ ಲೆಕ್ಕ ಇವರದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಸೂರು 60 ಚದರ ಮೀಟರ್. 500 ಮಿಲಿಮೀಟರ್ ಬಿದ್ದರೆ 30,000 ಲೀಟರ್, ಅಂದರೆ ಮೂರು ದೊಡ್ಡ ಟ್ಯಾಂಕರ್. ಇಷ್ಟು ದಿನ ಅದನ್ನು ಪೈಪ್ ಹಾಕಿ ರಸ್ತೆಗೆ ಬಿಡುತ್ತಿದ್ದೆವು. ಪೈಪ್ ಹಾಕಿಸಿದವಳು ನಾನೇ, ಶಿರಸಿ ಬುದ್ಧಿ. ಈಗ ಅದು 5,000 ಲೀಟರಿನ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕ್ ತುಂಬಿ ಹರಿದದ್ದು ಅಂಜೂರದ ಪಾತಿಗೆ.

ಮಣ್ಣು ಒಣಗದಂತೆ ಮೇಲೆ ಹಾಸುವ ಹೊದಿಕೆಯಲ್ಲಿ ಎಡವಿದ್ದು ಬೇರೆ ಕಥೆ. ಗೆಜ್ಜೆ ಝಣಝಣ ಅನ್ನುವ ರಸವಂತಿ ಗೃಹಗಳಿಂದ ಕಬ್ಬಿನ ಸಿಪ್ಪೆ ಚೀಲಗಟ್ಟಲೆ ತಂದು ಮಡಿಗೆಲ್ಲ ಹರಡಿದೆ. ಹಸಿ ಸಿಪ್ಪೆ. ವಾರದಲ್ಲಿ ಇರುವೆ, ತಿಂಗಳಲ್ಲಿ ಗೆದ್ದಲು. ಈಗ ಸಿಪ್ಪೆಯನ್ನು ಮೊದಲು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಹೊದಿಕೆಗೆ ಕೋಥ್ರೂಡಿನ ಹಳೆಯ ಸೊಸೈಟಿಯಿಂದ ಒಣ ಎಲೆ ತರುತ್ತೇವೆ, ಕಾರಿನ ಡಿಕ್ಕಿ ತುಂಬ. ಅಲ್ಲಿಯ ಸೆಕ್ಯುರಿಟಿಯವರಿಗೆ ನಾವು ಬಂದರೆ ಖುಷಿ, ಗುಡಿಸಿಟ್ಟದ್ದು ಖಾಲಿಯಾಗುತ್ತದೆ. ಊರಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುತ್ತಿದ್ದ ನೆನಪಿಗೆ ಈ ಡಿಕ್ಕಿಯೇ ಗತಿ. ಮರಗಳ ಬುಡಕ್ಕೆ ಮಾತ್ರ ಕಲ್ಲು. ಹೌದು, ಅದೇ ಕಲ್ಲು. ಬೇಲಿ ಬದಿಯ ಗುಡ್ಡೆಯನ್ನು ಬುಟ್ಟಿಗಟ್ಟಲೆ ವಾಪಸ್ ಹೊತ್ತು ತಂದೆ. ಇಂಡಿ ಆಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಏನು ಬೆಳೆಯಬೇಕು ಅನ್ನುವುದರಲ್ಲಿ ಜಗಳ ಬಿಟ್ಟೆ. ಈ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಜಿಐ, ಅಂದರೆ ಇದೇ ನೆಲದ್ದು ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಸಾಸವಡಿನ ಮಾರುಕಟ್ಟೆಯಲ್ಲಿ ಸೀತಾಫಲದ ರಾಶಿ ನೋಡಬೇಕು. ಕಣ್ಣೆದುರೇ ಇದ್ದ ಉತ್ತರ ಅದು. ಎರಡು ಅಂಜೂರ, ಮೂರು ಸೀತಾಫಲ, ನುಗ್ಗೆ, ಕರಿಬೇವು. ಇಂಡಿಯಿಂದಲೇ ಬಂದ ಒಂದು ನಿಂಬೆ. ಆ ಊರು ನಿಂಬೆಗೆ ಹೆಸರಾದದ್ದು. ಮಳೆಗಾಲದಲ್ಲಿ ಚವಳಿ, ಪುಂಡಿ ಪಲ್ಯ, ಬೆಂಡೆ. ಟೊಮೆಟೊ ಆಗಸ್ಟ್ ಕೊನೆಗೆ ಹಾಕಿದರೆ ದೀಪಾವಳಿಯ ಹೊತ್ತಿಗೆ ಶುರುವಾಗಿ ಸಂಕ್ರಾಂತಿ ದಾಟುವವರೆಗೂ ಕಾಯಿ. ಏಪ್ರಿಲ್-ಮೇನಲ್ಲಿ ತರಕಾರಿ ಬೆಳೆಯುವ ಚಟವನ್ನೇ ಬಿಟ್ಟಿದ್ದೇನೆ. ಆ ಎರಡು ತಿಂಗಳು ಮರಗಳನ್ನು ಉಳಿಸಿಕೊಂಡರೆ ಸಾಕು.

ಒಂದು ಮೂಲೆಯಲ್ಲಿ ಇಂಡಿ ಆಯಿ ಹಟ ಮಾಡಿ ನಾಲ್ಕು ಸಾಲು ಬಿಳಿಜೋಳ ಹಾಕಿಸಿದರು. "ಬೀಜ ಹಸಿಗೆ ಮುಟ್ಟಬೇಕು" ಅಂತ ಆಳಕ್ಕೆ ಊರಿಸಿದರು. ಹೋಪಿಯವರ ಕಥೆ ಹೇಳಿದೆ. "ಹೌದು ಮತ್ತ, ಅವರಿಗೂ ಹೊಟ್ಟಿ ಅದ ಅಲ್ಲ" ಅಂದರು. ಜೋಳ ಮೊಣಕಾಲುದ್ದ ಆದಾಗ ಮಣ್ಣು ಬಿರುಕು ಬಿಡಲು ಶುರುವಾಯಿತು. ನಾನು ಪೈಪ್ ತರಲು ಹೊರಟರೆ ತಡೆದು ಕೈಗೆ ಕುರ್ಚಿಗಿ ಕೊಟ್ಟರು, ಕಳೆ ತೆಗೆಯುವ ಸಣ್ಣ ಸಲಕರಣೆ. ಮೇಲಿನ ಮಣ್ಣು ಸಡಿಲ ಮಾಡಿ ಬಿರುಕು ಮುಚ್ಚಿಬಿಟ್ಟರೆ ಒಳಗಿನ ತೇವಕ್ಕೆ ಹೊರಗೆ ಬರುವ ದಾರಿ ಇಲ್ಲ. ಹೊಲದಲ್ಲಿ ಎಡೆ ಹೊಡೆಯುವುದು ಕಳೆಗಷ್ಟೇ ಅಲ್ಲ, ಇದಕ್ಕೂ. ಸಾಲಿನ ನಡುವೆ ತಾನಾಗೇ ಹಕ್ಕರಕಿ ಹುಟ್ಟಿತು. ನಾನು ಕಳೆ ಅಂತ ಕೀಳುತ್ತಿದ್ದೆ. ಅವರು ಕಿತ್ತುಕೊಂಡು, ತೊಳೆದು, ಶೇಂಗಾ ಚಟ್ನಿಪುಡಿ ಉದುರಿಸಿ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನಿಸಿದರು. ಒಂದು ಹನಿ ನೀರು ಕೇಳದ ಸೊಪ್ಪು.

ಅಂಜೂರ ಮತ್ತು ನಿಂಬೆಯಿಂದ ಕಲಿತದ್ದು ಇನ್ನೂ ವಿಚಿತ್ರ. ಇಲ್ಲಿಯ ರೈತರು ಹೂ ಬರುವ ಮೊದಲು ಬೇಕೆಂದೇ ಕೆಲವು ವಾರ ನೀರು ನಿಲ್ಲಿಸುತ್ತಾರೆ. 'ತಾಣ' ಕೊಡುವುದು, ಅಂದರೆ ಒತ್ತಡ ಕೊಡುವುದು, ಅಂತಾರೆ ಮರಾಠಿಯಲ್ಲಿ. ಎಲೆ ಉದುರುತ್ತದೆ, ಗಿಡ ಸತ್ತ ಹಾಗೆ ಕಾಣುತ್ತದೆ. ಆಮೇಲೆ ನೀರು ಗೊಬ್ಬರ ಕೊಟ್ಟಾಗ ಒಮ್ಮೆಲೇ ಚಿಗುರಿ ಹೂ ಕಟ್ಟುತ್ತದೆ. ಮೊದಲ ಸಲ ಬೋಳು ನಿಂಬೆ ಗಿಡ ನೋಡಲಾಗದೆ ರಾತ್ರಿ ಕದ್ದು ಒಂದು ಬಕೆಟ್ ನೀರು ಹಾಕಿದೆ. ಆ ವರ್ಷ ನಿಂಬೆ ಬಂದದ್ದು ಹನ್ನೊಂದು.

ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದಾಗ ಕೆಲವರು ಕೇಳುತ್ತಾರೆ, ಫಾರ್ಮ್‌ಹೌಸಿಗೆ ಲಾನ್ ಮಾಡಿಸಬೇಕು, ಯಾವ ಹುಲ್ಲು ಒಳ್ಳೆಯದು ಅಂತ. ನರ್ಸರಿಯವರು ಮೆಕ್ಸಿಕನ್ ಗ್ರಾಸ್ ಅಂತ ಮಾರುತ್ತಾರೆ. ಮೆಕ್ಸಿಕೋ ಪಕ್ಕದ ರಾಜ್ಯದ ಆ ಮರುಭೂಮಿಯ ಊರಿನಲ್ಲಿ ಹುಲ್ಲು ಕಿತ್ತು ಒಣಭೂಮಿಯ ಗಿಡ ಹಾಕುವವರಿಗೆ ನೀರಿನ ಇಲಾಖೆಯೇ ದುಡ್ಡು ಕೊಡುತ್ತದೆ. ನಾವಿಲ್ಲಿ ಟ್ಯಾಂಕರ್ ತರಿಸಿ ಹುಲ್ಲಿಗೆ ಕುಡಿಸುತ್ತಿದ್ದೇವೆ. ಈ ವಿಷಯಕ್ಕೆ ನನ್ನನ್ನು ಮಾತಿಗೆ ಎಳೆಯಬೇಡಿ, ಊಟ ತಣ್ಣಗಾಗುತ್ತದೆ ಅಂತ ಇವರು ಎಲ್ಲರಿಗೂ ಮೊದಲೇ ಹೇಳಿಬಿಡುತ್ತಾರೆ.

ಇದರಲ್ಲಿ ಒಂದಷ್ಟು ಕಲಿತು, ಚೌಕು ಮಡಿಯ ಮೊದಲ ಮಳೆಗಾಲ ಇನ್ನೇನು ಮುಗಿಯಿತು ಅಂತ ಬೀಗುತ್ತಿದ್ದಾಗ 2019ರ ಸೆಪ್ಟೆಂಬರ್ 25 ಬಂತು.

ಪುಣೆಯವರಿಗೆ ಆ ರಾತ್ರಿ ನೆನಪಿದೆ. ನಗರದಲ್ಲಿ ಅಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿ ಗೋಡೆಗಳು ಬಿದ್ದವು, ಜನ ಸತ್ತರು. ನಮ್ಮ ಕಡೆ, ವರ್ಷದ ಹೆಚ್ಚಿನ ದಿನ ಬರೀ ಮರಳು ಕಾಣುವ ಕರ್ಹಾ ನದಿಗೆ ಪ್ರವಾಹ. ನಮ್ಮ ಮನೆ ಎತ್ತರದಲ್ಲಿದೆ, ನದಿಯ ಭಯ ಇರಲಿಲ್ಲ. ಆದರೆ ರಾತ್ರಿ ಹತ್ತರ ಹೊತ್ತಿಗೆ ಟಾರ್ಚ್ ಹಾಕಿ ನೋಡಿದರೆ ಇಪ್ಪತ್ತನಾಲ್ಕು ಮಡಿಯೂ ಇಪ್ಪತ್ತನಾಲ್ಕು ಕೆರೆ. ಟೊಮೆಟೊ ಸಸಿಗಳ ತುದಿ ಮಾತ್ರ ಕಾಣುತ್ತಿತ್ತು. ಬದುಗಳನ್ನು ನಾನು ಎಷ್ಟು ಮುತುವರ್ಜಿಯಿಂದ ಮೆತ್ತಿದ್ದೆ ಅಂದರೆ ಒಂದೂ ಒಡೆಯಲಿಲ್ಲ.

ಇವರು, "ಬೆಳಿಗ್ಗೆ ನೋಡೋಣ, ಒಳಗೆ ಬಾ" ಅಂದರು. ಬೆಳಿಗ್ಗೆವರೆಗೆ ನಿಂತರೆ ಬೇರು ಉಸಿರುಗಟ್ಟುತ್ತದೆ. ಅದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ಇಳಿದೆ. ಮೇಲಿನ ಮಡಿಯಿಂದ ಶುರು ಮಾಡಬಾರದು, ಕೆಳಗಿನದನ್ನು ಮೊದಲು ಬಿಡಿಸಬೇಕು. ಇಲ್ಲದಿದ್ದರೆ ಮೇಲಿನ ನೀರೆಲ್ಲ ಕೆಳಗಿನದಕ್ಕೆ ನುಗ್ಗಿ ಕೊಚ್ಚಿಕೊಂಡು ಹೋಗುತ್ತದೆ. ಕಾಲುವೆ ನೇರ ಇಳಿಜಾರಿಗೆ ಹೋಗಬಾರದು, ಓರೆಯಾಗಿ ಹೋಗಬೇಕು. ಹೊಡೆದ ಮಣ್ಣು ಕೆಳಬದಿಗೆ ಹಾಕಬೇಕು. ಕೈ ತಾನೇ ಕೆಲಸ ಮಾಡುತ್ತಿತ್ತು. ನಾಲ್ಕು ವರ್ಷದಲ್ಲಿ ಆ ಜಾಗದಲ್ಲಿ ಮೊದಲ ಸಲ ನಾನು ಯಾರನ್ನೂ ಏನನ್ನೂ ಕೇಳದೆ ಕೆಲಸ ಮಾಡಿದ್ದು. ಹನ್ನೆರಡೂವರೆಗೆ ನೀರು ಹರಿದು ಬೇಲಿ ದಾಟುವ ಸದ್ದು ಕೇಳಿಸಿತು.

ಬೆಳಿಗ್ಗೆ ಇಂಡಿ ಆಯಿ ಬಂದರು. ಅವರ ಮನೆಯ ತಗಡಿನ ಸೂರಿನ ಮೂಲೆಯೊಂದು ಹಾರಿಹೋಗಿತ್ತು, ಆದರೂ ಮೊದಲು ನನ್ನ ಮಡಿ ನೋಡಲು ಬಂದಿದ್ದರು. ಕೆಸರಿನಲ್ಲಿ ನಿಂತು ಕಾಲುವೆಯ ಜಾಡು ಮೇಲಿಂದ ಕೆಳಗಿನವರೆಗೆ ನೋಡಿದರು.

"ಇದನ್ನ ಯಾರು ಮಾಡಿಕೊಟ್ಟರು?"

"ನಾನೇ."

"ಎಲ್ಲಿ ಕಲ್ತೀರಿ?"

"ನಮ್ಮ ಆಯಿ ಹತ್ರ."

ಅವರು ಬಗ್ಗಿ, ನಾನು ಕಡಿದ ಒಂದು ಬದುವಿನ ಬಾಯಿಗೆ ಎರಡು ಚಪ್ಪಟೆ ಕಲ್ಲು ಇಟ್ಟು ಮಣ್ಣು ಮೆತ್ತಿದರು. ಪೂರ್ತಿ ಮುಚ್ಚಲಿಲ್ಲ. ನಾಲ್ಕು ಬೆರಳು ಜಾಗ ಬಿಟ್ಟರು, ಕೆರೆಗೆ ಕೋಡಿ ಬಿಟ್ಟ ಹಾಗೆ. ಬದುವಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ. ಸಾಮಾನ್ಯ ಮಳೆಗೆ ನೀರು ಅಲ್ಲಿಗೆ ಏರುವುದೇ ಇಲ್ಲ. ಉಳಿದ ಇಪ್ಪತ್ತಮೂರಕ್ಕೆ ಕಲ್ಲು ಇಬ್ಬರೂ ಸೇರಿ ಇಟ್ಟೆವು. ಮಧ್ಯಾಹ್ನ ಆಯಿತು.

ಅಷ್ಟರಲ್ಲಿ ಶಿರಸಿಯಿಂದ ಫೋನ್. ಟಿವಿಯಲ್ಲಿ ಪುಣೆಯ ಮಳೆ ನೋಡಿ ಗಾಬರಿಯಾಗಿದ್ದಳು ಆಯಿ. ನಾವು ಸುರಕ್ಷಿತವಾಗಿದ್ದೇವೆ ಅಂತ ಗೊತ್ತಾದ ಮೇಲೆ ಅವಳ ಎರಡನೇ ಪ್ರಶ್ನೆ: "ಕಾಲ್ವೆ ಬಿಡ್ಸಿದ್ಯನೇ?"

"ಬಿಡಿಸಿದೆ," ಅಂದೆ. "ಈಗ ಮುಚ್ತಾ ಇದ್ದೇನೆ."

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವಳು ಫೋನನ್ನು ಅಣ್ಣನ ಕೈಗೆ ಕೊಟ್ಟಳು.